ಗಾಜಿನಾಚೆಯ ಮೀನಿಗೆ ಕ್ಯಾಮೆರಾ ಹಿಡಿಯುವ ಕಲೆ

ಹೊಸ ಕ್ಯಾಮೆರಾ ಕೈಗೆ ಬಂದರೆ ನಮ್ಮ ತಾಳವಾಡಿಯವರಿಗೆ ಮೊದಲು ನೆನಪಾಗುವುದು ಆನೆ, ಹುಲಿ. ಅದು ಸಹಜವೇ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವ ಈ ಕನ್ನಡದ ಸೀಮೆಯ ಸುತ್ತ ಸತ್ಯಮಂಗಲದ ಕಾಡು. 2013ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಮನಸ್ಸು ಬಂದಾಗ ಇಳಿದು ಕ್ಯಾಮೆರಾ ಹಿಡಿಯುವಂತಿಲ್ಲ, ದಿಂಬಂ ಘಾಟಿಯ 27 ತಿರುವುಗಳಲ್ಲಿ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ಕಾಯುವುದೂ ಸಲ್ಲದು. ಕೈ ಪಳಗಿಸಿಕೊಳ್ಳಲು ನಡುಮನೆಯ ಮೇಜಿನ ಮೇಲಿರುವ ಎರಡಡಿ ಮೀನಿನ ತೊಟ್ಟಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ತೊಟ್ಟಿಯೆದುರು ನಿಂತು ಆಟೊ ಮೋಡ್‌ನಲ್ಲಿ ಗುಂಡಿ ಒತ್ತಿ ನೋಡಿ. ಫ್ಲ್ಯಾಶ್‌ನ ಬಿಳಿ ಮಚ್ಚೆ, ಹಿಂದಿನ ಕಿಟಕಿ, ತೆಗೆದವರ ಅಂಗಿ ಎಲ್ಲವೂ ಚಿತ್ರದಲ್ಲಿ ಬಂದಿರುತ್ತವೆ, ಮೀನು ಮಾತ್ರ ಮಸುಕು. ಗಾಜು ಕನ್ನಡಿಯೂ ಹೌದಲ್ಲವೇ? ಆದ್ದರಿಂದ ಮೊದಲ ಕೆಲಸ ಕೋಣೆಯನ್ನು ಕತ್ತಲು ಮಾಡುವುದು. ಗಾಜಿನ ಒಳಮೈಯ ಪಾಚಿಯನ್ನು ಕೆರೆದು, ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಫಿಲ್ಟರನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ನೀರಿನ ಧೂಳು ತಳ ಸೇರುತ್ತದೆ. ಕೆಲಸ ಮುಗಿದ ಕೂಡಲೇ ಫಿಲ್ಟರ್ ಹಾಕುವುದನ್ನು ಮಾತ್ರ ಮರೆಯಬಾರದು, ಮೀನಿನ ಉಸಿರು ಅದರಲ್ಲಿದೆ.

ಲೆನ್ಸ್ ಗಾಜಿಗೆ ನೇರವಾಗಿರಬೇಕು. ಓರೆಯಾಗಿ ಹಿಡಿದಷ್ಟೂ ಗಾಜು, ನೀರು ಎರಡೂ ಬೆಳಕನ್ನು ಬಾಗಿಸಿ ಮೀನಿನ ಅಂಚಿಗೆ ಬಣ್ಣದ ಗೆರೆ ಕಟ್ಟುತ್ತವೆ, ಚಿತ್ರ ಕದಡುತ್ತದೆ. ಇದೇ ವಕ್ರೀಭವನದಿಂದಾಗಿ ಗಾಜಿನಿಂದ 20 ಸೆಂ.ಮೀ. ಒಳಗಿರುವ ಮೀನು 15 ಸೆಂ.ಮೀ. ದೂರದಲ್ಲಿದ್ದಂತೆ ಕಾಣುತ್ತದೆ. ಕ್ಯಾಮೆರಾ ಕೂಡ ಕಂಡ ಜಾಗಕ್ಕೇ ಫೋಕಸ್ ಮಾಡುವುದರಿಂದ ಅದರ ಚಿಂತೆ ಬೇಡ. ಫೋಕಸ್ ಕಣ್ಣಿನ ಮೇಲಿದ್ದರಾಯಿತು. ಕಣ್ಣು ಮಸುಕಾದ ಮೀನಿನ ಚಿತ್ರವನ್ನು ನಾನಂತೂ ಇಟ್ಟುಕೊಳ್ಳುವುದಿಲ್ಲ.

ನಿಜವಾದ ಕಸುಬು ಬೆಳಕಿನದು. ನಮ್ಮಲ್ಲಿ ಕರೆಂಟು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ. ನಮ್ಮ ಕಣ್ಣಿಗೆ ಅದು ತಿಳಿಯದು, ಆದರೆ ಶಟರ್ ವೇಗ ಹೆಚ್ಚಿಸಿದರೆ ಚಿತ್ರದ ತುಂಬ ಪಟ್ಟೆಗಳು. ವೇಗ ಇಳಿಸಿದರೆ ಮೀನು ಅಲುಗುತ್ತದೆ. ಈ ಇಕ್ಕಟ್ಟಿಗೆ ಮದ್ದು ಕ್ಯಾಮೆರಾದ ನೆತ್ತಿಯಿಂದ ಕಳಚಿದ ಫ್ಲ್ಯಾಶ್. ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ ಅದನ್ನು ಕೆಳಮುಖವಾಗಿ ಇಟ್ಟು, ವೈರ್‌ಲೆಸ್ ಟ್ರಿಗರ್‌ನಿಂದ ಬೆಳಗಿಸಬೇಕು. ಶಟರ್ 1/200, ಅಪರ್ಚರ್ ಎಫ್ 8, ಐಎಸ್‌ಒ 200ರಿಂದ ಶುರು ಮಾಡಿ ಹೊಂದಿಸಿಕೊಳ್ಳಬಹುದು. ಸೂರ್ಯನ ಬೆಳಕು ಹೊಳೆಗೆ ಬೀಳುವಂತೆ ಮೇಲಿನಿಂದ ಬೆಳಕು ಬಿದ್ದಾಗ ನಿಯಾನ್ ಟೆಟ್ರಾ ಮೀನಿನ ನೀಲಿ ಗೆರೆ ಹೊತ್ತಿಕೊಳ್ಳುತ್ತದೆ. ಆ ನೀಲಿ ವರ್ಣದ್ರವ್ಯದ್ದಲ್ಲ. ಚರ್ಮದ ಕೋಶಗಳಲ್ಲಿ ಒಂದರ ಮೇಲೊಂದು ಜೋಡಿಸಿದ ಗ್ವಾನಿನ್ ಹರಳುಗಳು ಬೆಳಕನ್ನು ಹಿಂದಿರುಗಿಸುವ ಬಗೆ. ಬೆಳಕಿನ ಕೋನ ಬದಲಾದರೆ ಅದೇ ಗೆರೆ ಹಸಿರಿಗೆ ತಿರುಗುತ್ತದೆ. ರಾತ್ರಿ ದೀಪ ಆರಿದ ಮೇಲೆ ಮಂಕಾಗುತ್ತದೆ; ಆದ್ದರಿಂದ ದೀಪ ಹಾಕಿದ ತಕ್ಷಣ ಅವಸರಪಡದೆ ಮೀನು ಬಣ್ಣ ತಾಳುವವರೆಗೂ ಕಾಯಬೇಕು.

ಈ ಕಲೆಯಲ್ಲಿ ದೊಡ್ಡ ಹೆಸರು ಜಪಾನಿನ ತಕಾಶಿ ಅಮಾನೊ ಅವರದು (1954–2015). ವೃತ್ತಿಪರ ಸೈಕಲ್ ಪಂದ್ಯಗಾರರಾಗಿದ್ದವರು ದೊಡ್ಡ ಫಿಲ್ಮ್‌ನ ಭಾರೀ ಕ್ಯಾಮೆರಾ ಹೊತ್ತು ಅಮೆಜಾನ್, ಬೋರ್ನಿಯೊ ಕಾಡುಗಳನ್ನು ಸುತ್ತಿದರು, ಅಲ್ಲಿ ಕಂಡದ್ದನ್ನು ಗಾಜಿನ ತೊಟ್ಟಿಗಳಲ್ಲಿ ಗಿಡ, ಕಲ್ಲು, ಕೊರಡುಗಳಿಂದ ಕಟ್ಟಿ ಮತ್ತೆ ಕ್ಯಾಮೆರಾದಲ್ಲಿ ಹಿಡಿದರು. ಲಿಸ್ಬನ್ ನಗರದಲ್ಲಿ 2015ರಲ್ಲಿ ಅವರು ಕಟ್ಟಿದ ತೊಟ್ಟಿ 40 ಮೀಟರ್ ಉದ್ದದ್ದು.

ಮನೆಯ ತೊಟ್ಟಿಯಲ್ಲಿ ಕಲಿತದ್ದು ಕಾಡಿಗಷ್ಟೇ ಅಲ್ಲ, ವಿಜ್ಞಾನಕ್ಕೂ ಬೇಕು. ಮೀನನ್ನು ಫಾರ್ಮಲಿನ್‌ನಲ್ಲಿಟ್ಟರೆ ಬಣ್ಣ ಹೋಗುತ್ತದೆ; ಅದಕ್ಕೆಂದೇ ಮೀನು ಸಂಶೋಧಕರು ನೀರಿನ ದಡದಲ್ಲೇ ಕೆಲವೇ ಇಂಚು ಅಗಲದ ಗಾಜಿನ ತೊಟ್ಟಿಯಲ್ಲಿ ಜೀವಂತ ಮೀನಿಟ್ಟು ಚಿತ್ರ ತೆಗೆಯುತ್ತಾರೆ. ನಮ್ಮ ಪಕ್ಕದ ಮೋಯಾರ್ ನದಿಯಲ್ಲಿ ಉಳಿದಿರುವ ಗೂನುಬೆನ್ನಿನ ಮಹಶೀರ್, ಗಾಳ ಹಾಕುವವರಿಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ಪರಿಚಿತ. ಆದರೂ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಇಂದು ಅದು ಅಳಿವಿನ ಅಂಚಿನಲ್ಲಿದೆ. ಇಷ್ಟು ದೊಡ್ಡ ಮೀನಿನ ಗತಿಯೇ ಹೀಗಿದ್ದರೆ, ಊರಕೆರೆಯ ಪುಟ್ಟ ಪಕ್ಕೆ ಮೀನಿನತ್ತ ಯಾರು ನೋಡುತ್ತಾರೆ? ಬೆಳ್ಳಿ ಮೈ, ಬಾಲದ ಬುಡದ ಬಳಿ ಒಂದು ಕಪ್ಪು ಬೊಟ್ಟು, ಕೆಲವದಕ್ಕೆ ರೆಕ್ಕೆಯಲ್ಲಿ ಕೆಂಪಿನ ಎಳೆ. ಅಂಗಡಿಯ ಗಪ್ಪಿಗಿಂತ ಅದೇನೂ ಕಡಿಮೆ ಚೆಲುವಿನದಲ್ಲ.

ಕೈ ಪಳಗಿದ ಮೇಲೆ ಒಂದು ಕೆಲಸ ಮಾಡಿ. ಸಂರಕ್ಷಿತ ಕಾಡಿನ ನೀರನ್ನು ಮುಟ್ಟದೆ, ನಿಮ್ಮೂರ ಕೆರೆಯ ಒಂದೆರಡು ಮೀನುಗಳನ್ನು ಅದೇ ಕೆರೆಯ ನೀರಿನ ಸಮೇತ ಕಿರುತೊಟ್ಟಿಗೆ ಬಿಟ್ಟು ಚಿತ್ರ ತೆಗೆಯಿರಿ. ಊರು, ತಾರೀಖು ಬರೆದಿಡಿ. ಮತ್ತೆ ಅಲ್ಲೇ ಬಿಡಿ. ಅಂಗಡಿಯಿಂದ ತಂದ ಮೀನನ್ನು ಮಾತ್ರ ಯಾವ ಕಾರಣಕ್ಕೂ ಕೆರೆಗೆ, ಹೊಳೆಗೆ ಬಿಡಬೇಡಿ.