ಡಯಾಲಿಸಿಸ್ ಮನೆಗೆ ಯಾರ್ಯಾರು ಬೇಕು?

"ಅವರಿಗೆ ಡಯಾಲಿಸಿಸ್ ಶುರುವಾಗಿದೆಯಂತೆ" ಎಂಬ ಸುದ್ದಿ ಹಬ್ಬಿದರೆ ಸಾಕು, ನಮ್ಮ ಕಡೆ ಮನೆ ತುಂಬ ಜನ ಸೇರುತ್ತಾರೆ. ಕೈಯಲ್ಲಿ ಹಣ್ಣಿನ ಚೀಲ, ಎಳನೀರು, ಖರ್ಜೂರ. ಕೂತು ಮಾತಾಡಿ, ದುಆ ಮಾಡಿ, ಕೆಲವರು ದಿಂಬಿನ ಅಡಿ ನೋಟು ಇಟ್ಟು ಹೋಗುತ್ತಾರೆ. ಒಳ್ಳೆಯ ಸಂಪ್ರದಾಯವೇ. ಆದರೆ ಎರಡು ತಿಂಗಳು ಕಳೆಯುವಾಗ ಬರುವವರು ಕಡಿಮೆಯಾಗುತ್ತಾರೆ. ಡಯಾಲಿಸಿಸ್ ಕಡಿಮೆಯಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ ಸುಮಾರು 4 ಗಂಟೆ. ವರ್ಷಕ್ಕೆ 156 ಸಲ ಆಸ್ಪತ್ರೆಗೆ ಹೋಗಿ ಬರಬೇಕು. ಕೆಲವರಿಗೆ ವಾರಕ್ಕೆ 2 ಸಲ ಎಂದರೂ 104 ಆಯಿತು. ಆರೋಗ್ಯವಂತರ ಕಿಡ್ನಿ ವಾರದ 168 ಗಂಟೆಯೂ ದುಡಿಯುತ್ತದೆ. ಅದರ ಒಂದು ಪಾಲು ಕೆಲಸವನ್ನು ಯಂತ್ರ 12 ಗಂಟೆಯಲ್ಲಿ ಮಾಡಬೇಕು. ಹಾಗಾಗಿ ಒಂದು ಸಲ ತಪ್ಪಿದರೂ ನೀರು, ಪೊಟ್ಯಾಶಿಯಂ ದೇಹದಲ್ಲಿ ಉಳಿದುಬಿಡುತ್ತದೆ. ಉಸಿರು ಕಟ್ಟಬಹುದು, ಹೃದಯವೇ ನಿಲ್ಲಬಹುದು. "ಇವತ್ತು ಕರ್ಕೊಂಡು ಹೋಗ್ಲಿಕ್ಕೆ ಯಾರೂ ಇಲ್ಲ, ನಾಳೆ ನೋಡುವಾ" ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಬಡ ಕುಟುಂಬಗಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್ ನೀಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ಮಂಗಳೂರಿನ ವೆನ್ಲಾಕ್‌ನಂಥ ಜಿಲ್ಲಾ ಆಸ್ಪತ್ರೆಯಲ್ಲದೆ ಅನೇಕ ತಾಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ಆದರೆ ಯಂತ್ರ ಉಚಿತವಾದರೂ ಬೆಳಗ್ಗೆ ಎಬ್ಬಿಸಿ ರಿಕ್ಷಾ ಹತ್ತಿಸುವವರು, ಹೊರಗೆ ಕಾಯುವವರು, ಸುಸ್ತಾದವರನ್ನು ಮನೆಗೆ ತರುವವರು ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಅದನ್ನು ನಾವೇ ಕಟ್ಟಿಕೊಳ್ಳಬೇಕು.

ಹೆಸರು ಬರೆದಿಡಿ

"ಏನಾದರೂ ಬೇಕಾದರೆ ಹೇಳಿ" ಎಂದು ಎಲ್ಲರೂ ಹೇಳುತ್ತಾರೆ. ಮನೆಯವರು ಸಂಕೋಚದಿಂದ "ಏನೂ ಬೇಡ" ಎನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಬದಲಿಗೆ ಒಂದು ಕಾಗದದಲ್ಲಿ ಕೆಲಸಗಳನ್ನು ಬರೆಯಿರಿ, ಪ್ರತಿಯೊಂದರ ಎದುರು ಒಬ್ಬರ ಹೆಸರು ಹಾಕಿ. ಸೋಮವಾರ ಕರೆದೊಯ್ಯುವುದು ಅಣ್ಣನ ಮಗ. ಬುಧವಾರ ಪಕ್ಕದ ಮನೆಯ ರಿಕ್ಷಾದವರು. ಶುಕ್ರವಾರ ಅಳಿಯ, ಅವನಿಗೆ ಆಗದಿದ್ದರೆ ಯಾರು ಎಂಬುದೂ ಇರಲಿ. ಒಬ್ಬರಿಗೇ ಎಲ್ಲ ಹೊರಿಸಿದರೆ ಅವರು ಆರು ತಿಂಗಳಲ್ಲಿ ಬಳಲುತ್ತಾರೆ. ಡಯಾಲಿಸಿಸ್ ಮುಗಿದ ಮೇಲೆ ರಕ್ತದೊತ್ತಡ ಇಳಿಯುವುದುಂಟು, ಹಾಗಾಗಿ ರೋಗಿಯೇ ಸ್ಕೂಟರ್ ಓಡಿಸಿಕೊಂಡು ಬರುವುದು ಬೇಡ.

ಮಗ ಸೌದಿಯಲ್ಲಿದ್ದರೆ ಅವನಿಗೂ ಕೆಲಸ ಇದೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಬೆಳಗ್ಗಿನ ಓಡಾಟ ಅವನಿಂದಾಗದು. ರಕ್ತ ಪರೀಕ್ಷೆಯ ರಿಪೋರ್ಟ್, ಔಷಧ ಚೀಟಿಗಳ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ದಿನಾಂಕದ ಪ್ರಕಾರ ಜೋಡಿಸಿಡಬಹುದು. ಡಾಕ್ಟರಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸಬಹುದು.

ಮಳೆಗಾಲಕ್ಕೆ ಬೇರೆಯೇ ಯೋಚನೆ ಬೇಕು. ರಸ್ತೆಯಲ್ಲಿ ನೀರು ನಿಲ್ಲುವ ಊರಿನವರು ರೆಡ್ ಅಲರ್ಟ್ ಬಂದ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ ಸರದಿ ಮುಂಚಿತವಾಗಿ ಸಿಗುತ್ತದೆಯೇ ಕೇಳಲಿ.

ಎಳನೀರು ತರಬೇಡಿ

ನೋಡಲು ಬರುವವರಿಗೂ ಒಂದು ಮಾತು. ಬೇರೆ ರೋಗಿಗೆ ಒಳ್ಳೆಯದಾಗುವ ಎಳನೀರು, ಬಾಳೆಹಣ್ಣು, ಖರ್ಜೂರದಲ್ಲಿ ಪೊಟ್ಯಾಶಿಯಂ ಜಾಸ್ತಿ. ಡಯಾಲಿಸಿಸ್ ರೋಗಿಗೆ ಅದು ಅಪಾಯ. ದಾರೆಹುಳಿಯನ್ನಂತೂ ಹತ್ತಿರವೂ ತರಬಾರದು. ಕಿಡ್ನಿ ಕೆಟ್ಟವರಲ್ಲಿ ಅದರ ವಿಷ ಮೆದುಳಿಗೇರುತ್ತದೆ. ಒಣಮೀನು, ಉಪ್ಪಿನಕಾಯಿಯ ಉಪ್ಪು ಬಾಯಾರಿಕೆ ಹೆಚ್ಚಿಸುತ್ತದೆ. ಗಂಜಿಯ ತಿಳಿಯೂ ನೀರಿನ ಲೆಕ್ಕಕ್ಕೇ ಸೇರುತ್ತದೆ. "ಒಂದು ದಿನ ತಿಂದ್ರೆ ಏನಾಗ್ತದೆ" ಎಂದು ಒತ್ತಾಯ ಮಾಡಬೇಡಿ. ಕೈಯಲ್ಲೇನಾದರೂ ಹಿಡಿದೇ ಹೋಗಬೇಕೆಂದಿದ್ದರೆ ಏನು ತರಬಹುದೆಂದು ಮನೆಯವರನ್ನು ಕೇಳಿ. ಇಲ್ಲವೇ ಮನೆಯ ಉಳಿದವರಿಗೆ ಒಂದು ಹೊತ್ತಿನ ಸಾರು ಮಾಡಿಕೊಂಡು ಹೋಗಿ.

ಸೂಜಿ ಹಾಕಲು ಆಪರೇಷನ್ ಮಾಡಿದ ಕೈಯನ್ನು (ಫಿಸ್ಟುಲಾ) ಮನೆಯ ಮಕ್ಕಳಿಗೂ ತೋರಿಸಿಕೊಡಿ. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಭಾರ ಎತ್ತಬಾರದು, ಬಿಗಿ ಬಳೆ ಹಾಕಬಾರದು. ಮುಟ್ಟಿದರೆ ಗುಂಯ್ ಎನ್ನುವ ಮಿಡಿತ ಸಿಗಬೇಕು. ಅದು ನಿಂತರೆ ಅದೇ ದಿನ ಆಸ್ಪತ್ರೆಗೆ. ರಕ್ತ ಸೋರಿದರೆ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಮಲಗಿದರೆ ಉಸಿರು ಕಟ್ಟುವುದು, ಮೈಯಲ್ಲಿ ಚಳಿ ನಡುಕದ ಜ್ವರ ಬರುವುದು, ಇವೂ ಕಾಯುವ ವಿಷಯಗಳಲ್ಲ.

ಉಮ್ಮನೇ ರೋಗಿಯಾದರೆ?

ಬಾಪನಿಗೆ ಕಾಯಿಲೆ ಬಂದರೆ ಉಮ್ಮ ನೋಡಿಕೊಳ್ಳುತ್ತಾರೆ. ಉಮ್ಮನಿಗೇ ಬಂದರೆ? ಅನೇಕ ಮನೆಗಳಲ್ಲಿ ಅವರು ಡಯಾಲಿಸಿಸ್ ಮುಗಿಸಿ ಬಂದು ಅದೇ ಸಂಜೆ ಒಲೆಯ ಮುಂದೆ ನಿಲ್ಲುತ್ತಾರೆ. ಕೇಳಿದರೆ "ಪರವಾಗಿಲ್ಲ" ಎನ್ನುತ್ತಾರೆ. ಆ ಮೂರು ದಿನದ ಅಡುಗೆ ಯಾರದ್ದೆಂದು ಗಂಡಸರು, ಮಕ್ಕಳು ಸೇರಿ ತೀರ್ಮಾನಿಸಬೇಕು. ಹಾಗೆಯೇ ಬಾಪನನ್ನು ನೋಡಿಕೊಳ್ಳುವ ಉಮ್ಮನಿಗೂ ವಾರಕ್ಕೆ ಒಂದು ಮಧ್ಯಾಹ್ನ ಬಿಡುವು ಬೇಕು. ಆ ಹೊತ್ತಿಗೆ ತಂಗಿಯೋ ನಾದಿನಿಯೋ ಬಂದು ಕೂತರೆ ಸಾಕು.

ಇನ್ನು ಹಣದ ವಿಷಯ. ನಮ್ಮಲ್ಲಿ ಝಕಾತ್, ಸದಖ ಹೆಚ್ಚಾಗಿ ರಮಝಾನ್‌ನಲ್ಲಿ ಬರುತ್ತದೆ. ಡಯಾಲಿಸಿಸ್ ಮನೆಯ ಖರ್ಚು ಹನ್ನೆರಡು ತಿಂಗಳೂ ಇರುತ್ತದೆ: ಔಷಧ, ರಿಕ್ಷಾ ಬಾಡಿಗೆ, ಕೆಲಸ ಬಿಟ್ಟು ಕೂತ ದಿನದ ಸಂಬಳ. ಒಂದೇ ಸಲ ದೊಡ್ಡ ಮೊತ್ತ ಕೊಡುವವರು ಅದನ್ನು ತಿಂಗಳು ತಿಂಗಳು ಕೊಡಬಹುದೇ ಎಂದು ಮನೆಯವರು ಕೇಳಿದರೆ ತಪ್ಪಿಲ್ಲ. ಮೊಹಲ್ಲಾದಲ್ಲಿ ಎಷ್ಟು ಮಂದಿ ಡಯಾಲಿಸಿಸ್‌ಗೆ ಹೋಗುತ್ತಾರೆಂದು ಜಮಾಅತ್‌ನವರು ಪಟ್ಟಿ ಮಾಡಿದರೆ ಇನ್ನೊಂದು ಅನುಕೂಲವಿದೆ. ಒಂದೇ ದಿನ, ಒಂದೇ ಆಸ್ಪತ್ರೆಗೆ ಹೋಗುವ ಮೂವರಿಗೆ ಒಂದು ವಾಹನ ಸಾಕಾಗಬಹುದು.

ಪಕ್ಕದ ಹಾಸಿಗೆಯ ರೋಗಿಯ ಮನೆಯವರ ಪರಿಚಯವನ್ನೂ ಮಾಡಿಕೊಳ್ಳಿ. ಯಾವ ಕೌಂಟರ್‌ನಲ್ಲಿ ಯಾವ ಕಾರ್ಡ್ ತೋರಿಸಬೇಕು, ಕಾಲು ಸೆಳೆತ ಬಂದಾಗ ಯಾರನ್ನು ಕೂಗಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ.

ನಿಮ್ಮ ಕುಟುಂಬದಲ್ಲಿ ಇಂಥ ಒಬ್ಬರಿದ್ದರೆ ಈ ವಾರ ಹೋದಾಗ "ಹೇಗಿದ್ದೀರಿ" ಎಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಯಾವ ದಿನ ನಾನು ಬರಲಿ?"