ಚಟ್ಟಿಯ ತಳದಲ್ಲಿ ಇಳಿಯದ ನೀರು

ಆಟಿ ತಿಂಗಳಲ್ಲಿ ಹೂವಿನ ಚಟ್ಟಿಗೆ ಯಾರೂ ನೀರು ಹಾಕುವುದಿಲ್ಲ, ಹಾಕುವ ಅಗತ್ಯವೂ ಇಲ್ಲ. ಆದರೂ ಪುತ್ತೂರು, ಸುಳ್ಯ, ಕಡಬದ ಮನೆಯಂಗಳಗಳಲ್ಲಿ ಅದೇ ಹೊತ್ತಿಗೆ ಕೆಲವು ಗಿಡಗಳ ಎಲೆ ಬೇಸಗೆಯಲ್ಲಿ ಬಾಡಿದಂತೆ ಜೋತುಬೀಳುತ್ತದೆ. ಮಣ್ಣು ಕೆಸರಾಗಿದ್ದರೂ ಗಿಡ ನಿಜಕ್ಕೂ ಬಾಯಾರಿರುತ್ತದೆ. ಬೇರಿಗೂ ಉಸಿರಾಟ ಉಂಟು. ಆಮ್ಲಜನಕ ಸಿಗದಾಗ ಬೇರಿನ ಜೀವಕೋಶಗಳು ನೀರು ಹಾಯುವ ಸೂಕ್ಷ್ಮ ದಾರಿಗಳನ್ನು ಮುಚ್ಚಿಕೊಳ್ಳುತ್ತವೆ. ಬೇರು ನೀರಿನ ನಡುವೆಯೇ ಇದ್ದರೂ ಆ ನೀರು ಮೇಲಕ್ಕೆ ಏರುವುದಿಲ್ಲ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 8 ಮಿಲಿಗ್ರಾಂ. ಅದು ನೀರಿನೊಳಗೆ ಹರಡುವ ವೇಗವಂತೂ ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಬೇರಿನ ಸುತ್ತಲಿನ ಆಮ್ಲಜನಕ ಮುಗಿದರೆ ಹೊಸದು ಬಂದು ಸೇರುವಷ್ಟರಲ್ಲಿ ತಡವಾಗಿರುತ್ತದೆ.

ನಮ್ಮ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ದಿನ 100 ಮಿಲಿಮೀಟರ್ ಸುರಿದರೆ 30 ಸೆಂಟಿಮೀಟರ್ ಅಗಲದ ಬಾಯಿಯ ಚಟ್ಟಿಗೆ ಏಳು ಲೀಟರ್ ನೀರು ಬಿದ್ದಂತಾಯಿತು. ಇದೇ ಮಳೆಯನ್ನು ಅಡಿಕೆ ತೋಟ ತಾಳಿಕೊಳ್ಳುತ್ತದೆ. ಅಲ್ಲಿ ಇಳಿಜಾರು ಇರುತ್ತದೆ, ಸಾಲಿನ ನಡುವೆ ಕಣಿ ತೆಗೆದಿರುತ್ತಾರೆ, ಕೆಳಗೆ ಮಾರುಗಟ್ಟಲೆ ಆಳದ ಮುರಮಣ್ಣು ಇದೆ. ಅದೇ ತೋಟದ ಮಣ್ಣನ್ನು ತಂದು ಚಟ್ಟಿಗೆ ತುಂಬಿದರೆ ನಡತೆ ಬೇರೆ. ಮಣ್ಣು ಕೆಟ್ಟದ್ದಲ್ಲ, ಆಳ ಕಡಿಮೆಯಾಯಿತು ಅಷ್ಟೆ.

ಆಳಕ್ಕೂ ಬಸಿಯುವುದಕ್ಕೂ ಇರುವ ಸಂಬಂಧ ನೋಡಲು ಒಂದು ಸ್ಪಂಜು ಸಾಕು. ನೀರಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು. ಮಣ್ಣಿನ ಕಣಗಳ ನಡುವಿನ ಸಂದಿಗಳು ನೀರನ್ನು ಹಿಡಿದುಕೊಳ್ಳುತ್ತವೆ, ಗುರುತ್ವ ಅದನ್ನು ಕೆಳಗೆಳೆಯುತ್ತದೆ. ಸಂದಿ ಕಿರಿದಾದಷ್ಟೂ ಹಿಡಿತ ಬಿಗಿ. ಲೆಕ್ಕ ಸುಲಭ: 30ನ್ನು ಸಂದಿಯ ಅಗಲದಿಂದ ಭಾಗಿಸಿದರೆ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆಂದು ತಿಳಿಯುತ್ತದೆ, ಎರಡೂ ಮಿಲಿಮೀಟರ್‌ನಲ್ಲಿ. 1 ಮಿಲಿಮೀಟರ್ ಸಂದಿಯಲ್ಲಿ 3 ಸೆಂಟಿಮೀಟರ್, 0.3 ಮಿಲಿಮೀಟರ್‌ನಲ್ಲಿ 10 ಸೆಂಟಿಮೀಟರ್. 0.15 ಮಿಲಿಮೀಟರ್ ಆದರೆ 20 ಸೆಂಟಿಮೀಟರ್. ಅಂದರೆ ಗೇಣೆತ್ತರದ ಚಟ್ಟಿಯಲ್ಲಿ ಅಷ್ಟು ಸಣ್ಣ ಸಂದಿಗಳು ತಳದಿಂದ ಬಾಯಿಯವರೆಗೂ ಖಾಲಿಯಾಗುವುದೇ ಇಲ್ಲ. ತಳದಲ್ಲಿ ಹತ್ತು ತೂತು ಕೊರೆದರೂ ಇದು ಬದಲಾಗದು.

ಚಟ್ಟಿಯ ತಳಕ್ಕೆ ಜಲ್ಲಿಯನ್ನೋ ಹಂಚಿನ ಚೂರನ್ನೋ ಹಾಸುವ ರೂಢಿ ಇಲ್ಲಿಯೇ ಎಡವುತ್ತದೆ. ಸಣ್ಣ ಸಂದಿಯ ಮಣ್ಣು ತನ್ನ ನೀರನ್ನು ಕೆಳಗಿನ ದೊಡ್ಡ ಸಂದಿಗೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಒದ್ದೆ ಪದರ ಮೊದಲು ತಳದಲ್ಲಿದ್ದದ್ದು ಈಗ ಜಲ್ಲಿಯ ಮೇಲೆ ಕೂರುತ್ತದೆ, ಎಂದರೆ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಒಂದು ಹಂಚಿನ ಚೂರು ಕವುಚಿಟ್ಟರೆ ಸಾಕು. ಉಳಿದ ಚೂರುಗಳನ್ನು ಮಣ್ಣಿನ ಉದ್ದಗಲಕ್ಕೂ ಬೆರೆಸಿದರೆ ಅವು ಕೆಲಸಕ್ಕೆ ಬರುತ್ತವೆ.

ಬೆರೆಸುವುದಾದರೂ ಏನನ್ನು? ಮೊಬೈಲಿನಲ್ಲಿ ಕೇಳಿದರೆ ಮೊದಲ ಉತ್ತರ ಕೋಕೋಪೀಟ್. ವರ್ಷಕ್ಕೆ ಸಾವಿರ ಮಿಲಿಮೀಟರ್‌ನಷ್ಟೇ ಮಳೆಯಾಗುವ ಬೆಂಗಳೂರಿನ ತಾರಸಿಗೆ ಅದು ಸರಿ. ಆದರೆ ಅದು ತನ್ನ ತೂಕದ ಹಲವು ಪಟ್ಟು ನೀರು ಹೀರಿಕೊಳ್ಳುವ ವಸ್ತು. ಮಳೆಗೆ ಒಡ್ಡಿದ ಸುಳ್ಯದ ಚಟ್ಟಿಗೆ ಅರ್ಧಕ್ಕರ್ಧ ಸುರಿಯುವುದರಲ್ಲಿ ಅರ್ಥವಿಲ್ಲ. ನುಣ್ಣನೆ ಮರಳೂ ಬೇಡ, ಅದು ಇದ್ದ ಸಂದಿಗಳನ್ನೂ ತುಂಬಿಬಿಡುತ್ತದೆ. ಎಂ-ಸ್ಯಾಂಡ್‌ನ ಹುಡಿಯದೂ ಅದೇ ಗುಣ. ಜರಡಿ ಹಿಡಿದು, ಕೆಳಗೆ ಬಿದ್ದದ್ದನ್ನು ಬಿಟ್ಟು, ಮೇಲುಳಿದ 2ರಿಂದ 6 ಮಿಲಿಮೀಟರ್‌ನ ಕಾಳುಗಳನ್ನು ಬಳಸಬೇಕು. ಕೆಂಪುಕಲ್ಲು ಕಡಿದಲ್ಲಿ ಬಿದ್ದಿರುವ ಚೂರು, ಒಡೆದ ಮಂಗಳೂರು ಹಂಚು, ಒಲೆಯ ಇದ್ದಿಲು, ಸುಟ್ಟ ಉಮಿ ಎಲ್ಲವೂ ಆದೀತು.

ನನ್ನ ಮೆಚ್ಚಿನದು ಸುಡುಮಣ್ಣು. ತರಗೆಲೆ, ಕಡ್ಡಿಕಸದ ಮೇಲೆ ಮಣ್ಣು ಹೇರಿ ನಿಧಾನ ಉರಿಯಲ್ಲಿ ದಿನಗಟ್ಟಲೆ ಬೇಯಿಸುವುದನ್ನು ಕರಾವಳಿಯ ತರಕಾರಿ, ಮಲ್ಲಿಗೆ ಬೆಳೆಗಾರರು ಬಹುಕಾಲದಿಂದ ಬಲ್ಲರು. ಬೂದಿಯಿಂದ ಪೊಟ್ಯಾಷ್ ಬರುತ್ತದೆ, ಕಳೆಬೀಜ ಸಾಯುತ್ತದೆ. ಇದರ ಜೊತೆಗೆ ಇನ್ನೊಂದು ಲಾಭವೂ ಇದೆ. ನಮ್ಮ ಕೆಂಪುಮಣ್ಣಿನ ಜೇಡಿ ಹೆಚ್ಚಾಗಿ ಕೆಯೊಲಿನೈಟ್ ಎಂಬ ಖನಿಜ. ಸುಮಾರು 500 ಡಿಗ್ರಿ ಮುಟ್ಟಿದಲ್ಲಿ ಅದರ ರಚನೆಯೊಳಗಿನ ನೀರಿನಂಶ ಹೊರಟುಹೋಗುತ್ತದೆ, ಹಾಗೆ ಗಟ್ಟಿಯಾದ ಹೆಂಟೆ ಮತ್ತೆ ಮಳೆಗೆ ಕರಗಿ ಕೆಸರಾಗುವುದಿಲ್ಲ. ರಾಶಿಯ ಎಲ್ಲ ಕಡೆ ಅಷ್ಟು ಕಾವು ಏರದು, ಆದ್ದರಿಂದ ಕೆಂಪಗೆ ಬೆಂದ ಕಾಳುಗಳನ್ನು ಆರಿಸಬೇಕು. ಹೆಚ್ಚಿನವರು ಹೆಂಟೆ ಎಸೆದು ನುಣ್ಣನೆ ಹುಡಿ ಇಟ್ಟುಕೊಳ್ಳುತ್ತಾರೆ. ಗೊಬ್ಬರಕ್ಕೆ ಹುಡಿ ಸರಿ, ಗಾಳಿಯಾಡಲು ಮಾತ್ರ ಆ ಹೆಂಟೆಯ ಚೂರುಗಳೇ ಬೇಕು.

ಅಡಿಕೆ ಸಸಿಯ ಪಾಲಿಥೀನ್ ಚೀಲಕ್ಕೆ ಕೇಂದ್ರ ತೋಟಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಹೇಳುವ ಮಿಶ್ರಣ ಮೇಲ್ಮಣ್ಣು, ಹುಡಿ ಮಾಡಿದ ಹಟ್ಟಿಗೊಬ್ಬರ, ಮರಳು 7:3:2 ಅನುಪಾತದಲ್ಲಿ. ಮುಂದೆ ತೋಟಕ್ಕೆ ಇಳಿಯುವ ಸಸಿಗೆ ಅದು ಸಾಕು. ವರ್ಷಗಟ್ಟಲೆ ಚಟ್ಟಿಯಲ್ಲೇ ಬಾಳಬೇಕಾದ ಗಿಡಕ್ಕೆ ದಪ್ಪ ಕಾಳಿನ ಪಾಲು ಹೆಚ್ಚಬೇಕು. ಮೇಲ್ಮಣ್ಣು, ಹಳೆಯ ಗೊಬ್ಬರ, ಕಾಳು ಸಮಸಮ ಎಂದು ಶುರುಮಾಡಬಹುದು. ಆಂಥೂರಿಯಂಗೆ ಮಣ್ಣೇ ಬೇಡ ಎಂದರೂ ನಡೆಯುತ್ತದೆ, ಇದ್ದಿಲು, ಹಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡುಗಳಲ್ಲೇ ಅದು ಸುಖವಾಗಿರುತ್ತದೆ.

ಮಿಶ್ರಣ ಹೇಗಿದೆ ಎಂದು ಅಳೆಯಬಹುದು. ಚಟ್ಟಿಯ ತೂತು ಮುಚ್ಚಿ, ಮಿಶ್ರಣ ತುಂಬಿ, ಮೇಲೆ ನೀರು ಕಾಣುವವರೆಗೆ ಮೆಲ್ಲನೆ ಎರೆಯಿರಿ. ಒಂದು ಗಂಟೆ ಬಿಟ್ಟು ಬಾಲ್ದಿಯ ಮೇಲೆ ತೂತು ತೆರೆದು, ಪೂರ್ತಿ ಬಸಿದ ನೀರನ್ನು ಅಳೆಯಿರಿ. ನೀರು ಬಿಟ್ಟುಹೋದ ಜಾಗಕ್ಕೆಲ್ಲ ಗಾಳಿ ಬಂದಿರುತ್ತದೆ. 10 ಲೀಟರ್ ಮಿಶ್ರಣದಿಂದ ಒಂದು ಲೀಟರಿಗಿಂತ ಕಡಿಮೆ ಬಂದರೆ ಮಳೆಗಾಲಕ್ಕೆ ಅದು ಆಗದು. ಎರಡು ಲೀಟರ್ ಬಂದರೆ ನೆಮ್ಮದಿ.

ಚಟ್ಟಿಯಲ್ಲಿ ಬೆಳೆಸುವ ಪೊದೆ ಕಾಳುಮೆಣಸಿಗೆ ಈ ಲೆಕ್ಕ ಜೀವನ್ಮರಣದ್ದು. ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ರೋಗಾಣು ಅಡಿಕೆಯ ಕೊಳೆರೋಗದ ಬಳಗದ್ದೇ. ಅದರ ಬೀಜಾಣುಗಳಿಗೆ ಬಾಲದಂಥ ಎರಡು ಎಳೆಗಳಿದ್ದು, ನೀರು ತುಂಬಿದ ಸಂದಿಗಳಲ್ಲಿ ಈಜಿ ಬೇರು ತಲುಪುತ್ತವೆ. ಸಂದಿ ಬಸಿದಿದ್ದರೆ ಅವುಗಳಿಗೆ ದಾರಿಯಿಲ್ಲ. ಹಿಪ್ಪಲಿಯ ಜಾತಿಯಾದ ಪೈಪರ್ ಕೊಲುಬ್ರಿನಮ್ ಬುಡಕ್ಕೆ ಕಸಿ ಕಟ್ಟಿದ ಗಿಡ ತಂದರೆ ಇನ್ನೂ ಭದ್ರ. ಆ ಬುಡ ರೋಗವನ್ನೂ ಜವುಗನ್ನೂ ತಡೆದುಕೊಳ್ಳುತ್ತದೆ.

ಈಗಾಗಲೇ ನೆಟ್ಟ ಚಟ್ಟಿಯನ್ನು ಮಳೆಗಾಲದ ನಡುವೆ ಕದಡುವುದು ಬೇಡ, ಆ ಕೆಲಸ ಮಳೆ ಹಿಡಿಯುವ ಮೊದಲೇ, ಪತ್ತನಾಜೆಯೊಳಗೆ ಮುಗಿಯಬೇಕು. ಸದ್ಯಕ್ಕೆ ಅಡಿಯ ತಟ್ಟೆ ತೆಗೆದು, ಎರಡು ಕಲ್ಲಿನ ಮೇಲೆ ತುಸು ವಾಲಿಸಿ ಇಡಿ. ತೂತಿನಿಂದ ಒಂದು ಗೇಣು ಹತ್ತಿಬಟ್ಟೆ ಒಳಗೆ ತೂರಿಸಿ ಹೊರಗೆ ಇಳಿಬಿಟ್ಟರೆ, ಮಣ್ಣಿನ ಎತ್ತರವನ್ನು ಕೆಳಕ್ಕೆ ಹಿಗ್ಗಿಸಿದಂತಾಗಿ ನಿಂತ ನೀರು ಅದರ ಮೂಲಕ ಇಳಿಯುತ್ತದೆ. ಚಟ್ಟಿ ಬದಲಿಸುವಾಗ ಹಳೆಯ ಮಣ್ಣನ್ನು ಜರಡಿ ಹಿಡಿದರೆ ಕಾಳುಗಳು ಮತ್ತೆ ಬಳಕೆಗೆ ಸಿಗುತ್ತವೆ, ಹುಡಿಯನ್ನು ಬಾಳೆಯ ಬುಡಕ್ಕೆ ಹಾಕಬಹುದು. ಸೊರಗಿ ಸತ್ತ ಮೆಣಸಿನ ಚಟ್ಟಿಯ ಮಣ್ಣನ್ನು ಮಾತ್ರ ಮೆಣಸು ಹಬ್ಬಿಸಿದ ತೋಟದ ಕಡೆ ಒಯ್ಯಬೇಡಿ.