ಒಂಟಿ ಸೀನು

ಮನೆಯಿಂದ ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಎರಡು ನಿಮಿಷ ಕೂತು, ನೀರು ಕುಡಿದು ಹೊರಡುವುದು ನಮ್ಮ ಕಡೆಯ ರೂಢಿ. 1965ರಲ್ಲಿ ನ್ಯೂಯಾರ್ಕಿನ ಒಂದು ಅಡುಗೆಮನೆಯಲ್ಲಿ ಈಡಿ ಸೆಡ್ಜ್‌ವಿಕ್ ಎಂಬ ಇಪ್ಪತ್ತೆರಡರ ಹುಡುಗಿ ಸೀನುತ್ತಿದ್ದುದರ ಅರ್ಥವೇ ಬೇರೆ: ಮಾತು ಮರೆತುಹೋಗಿದೆ.

ಅದೊಂದು ಸಿನಿಮಾ ಚಿತ್ರೀಕರಣ; ಆ ಚಿತ್ರದ ಹೆಸರೂ ‘ಕಿಚನ್’. ತೆಗೆದವರು ಕಲಾವಿದ ಆಂಡಿ ವಾರ್ಹೋಲ್, ಬರೆದವರು ರೊನಾಲ್ಡ್ ಟವೆಲ್. ಈಡಿಗೆ ಸಂಭಾಷಣೆ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೇ ಹಾಳೆಗಳನ್ನು ಸೆಟ್ಟಿನಲ್ಲಿ ಅಲ್ಲಲ್ಲಿ ಅಡಗಿಸಿಟ್ಟು, ಮರೆತಾಗ ಸೀನಿಬಿಡು ಎಂದಿದ್ದರು. ನಮ್ಮ ಕಂಪನಿ ನಾಟಕಗಳಲ್ಲಿ ಸೈಡ್‌ವಿಂಗಿನಲ್ಲಿ ನಿಂತು ಮಾತು ಎತ್ತಿಕೊಡುವವನೊಬ್ಬ ಇರುತ್ತಿದ್ದ; ಅವನು ಜನರ ಕಣ್ಣಿಗೆ ಬೀಳದಿದ್ದರೆ ಆಟ ಗೆದ್ದಂತೆ. ಇಲ್ಲಿ ಮರೆವನ್ನೇ ಎಳೆದು ತಂದು ಎದುರಿಗೆ ಕೂರಿಸಿದ್ದಾರೆ. ಸೀನು ಹೆಚ್ಚಿದಷ್ಟೂ ಕಥೆ ಕರಗುತ್ತದೆ, ಹುಡುಗಿ ಉಳಿಯುತ್ತಾಳೆ. ಕಥೆ ಅಂಥದ್ದೇನೂ ಇರಲಿಲ್ಲ ಬಿಡಿ.

ವಾರ್ಹೋಲರ ಸ್ಟುಡಿಯೊ ‘ಫ್ಯಾಕ್ಟರಿ’ ನ್ಯೂಯಾರ್ಕಿನ ಈಸ್ಟ್ 47ನೇ ಬೀದಿಯ 231ನೇ ನಂಬರಿನಲ್ಲಿತ್ತು. ಒಳಗೆಲ್ಲ ಬಿಲ್ಲಿ ನೇಮ್ ಎಂಬಾತ ಹಚ್ಚಿದ ಬೆಳ್ಳಿ ಬಣ್ಣ, ಅಂಟಿಸಿದ ಬೆಳ್ಳಿ ಹಾಳೆ. ಅಲ್ಲಿನ ‘ಅಂಡರ್‌ಗ್ರೌಂಡ್’ ಸಿನಿಮಾದ ಕಸುಬು ಇಷ್ಟೇ: 16 ಎಂಎಂ ಕ್ಯಾಮೆರಾ ನಿಲ್ಲಿಸು, 1200 ಅಡಿ ರೀಲು ಹಾಕು, ಸುಮಾರು 33 ನಿಮಿಷ ಓಡಲಿ ಬಿಡು. ರೀಲು ಮುಗಿದರೆ ದೃಶ್ಯವೂ ಮುಗಿಯಿತು. ಗಂಡಸರೇ ತುಂಬಿದ್ದ ‘ವಿನೈಲ್’ ಚಿತ್ರದಲ್ಲಿ ಈಡಿ ಒಂದು ಪೆಟ್ಟಿಗೆಯ ಮೇಲೆ ಕೂತು ಸುಮ್ಮನೆ ಸಿಗರೇಟು ಸೇದುತ್ತಾಳೆ. ನೋಡುವವರ ಕಣ್ಣು ಬೇರೆಲ್ಲೂ ಹೋಗುವುದಿಲ್ಲ.

ಈಡಿಯದು ಹಳೆಯ ಸಿರಿವಂತ ಮನೆತನ. 1943ರಲ್ಲಿ ಸಾಂಟಾ ಬಾರ್ಬರಾದಲ್ಲಿ ಹುಟ್ಟಿದ ಈಡಿ ಎಂಟು ಮಕ್ಕಳಲ್ಲಿ ಏಳನೆಯವಳು. ಇಪ್ಪತ್ತು ತುಂಬುವ ಮೊದಲೇ ಮಾನಸಿಕ ಆಸ್ಪತ್ರೆಯ ಬಾಗಿಲು ಕಂಡಿದ್ದಳು. 1964ರಲ್ಲಿ ಒಬ್ಬ ಅಣ್ಣ ಹೋದ, ಮರುವರ್ಷದ ಆರಂಭದಲ್ಲಿ ಇನ್ನೊಬ್ಬ. ಅದೇ 1965ರಲ್ಲಿ ‘ವೋಗ್’ ಪತ್ರಿಕೆ ಅವಳ ಫೋಟೋ ಅಚ್ಚುಹಾಕಿತು. ಬೆಳ್ಳಿ ಬಳಿದ ಗಿಡ್ಡ ಕೂದಲು, ಕಪ್ಪು ಕಾಲುಚೀಲ, ಭುಜ ಮುಟ್ಟುವ ಲೋಲಾಕು: ಊರೆಲ್ಲ ಅವಳನ್ನು ನಕಲು ಮಾಡಿತು. ಈ ಚಿತ್ರಗಳಿಂದ ಕೈಗೆ ಕಾಸು ಬರಲಿಲ್ಲವೆಂಬ ಕೊರಗು ಮಾತ್ರ ಅವಳದೇ ಆಗಿ ಉಳಿಯಿತು. ವರ್ಷ ಕಳೆಯುವಷ್ಟರಲ್ಲಿ ವಾರ್ಹೋಲರ ಒಡನಾಟ ಮುಗಿದಿತ್ತು, ಗುಳಿಗೆಗಳ ಸಹವಾಸ ಮುಗಿಯಲಿಲ್ಲ. 1971ರ ನವೆಂಬರಿನಲ್ಲಿ, ಇಪ್ಪತ್ತೆಂಟಕ್ಕೆ, ಹುಟ್ಟಿದ ಊರಿನಲ್ಲೇ ಸತ್ತಳು.

ಈಗ ಅವಳ ಚಿತ್ರಗಳು ಮ್ಯೂಸಿಯಂಗಳಲ್ಲಿ ಜೋಪಾನವಾಗಿವೆ. ಅವುಗಳಲ್ಲೊಂದಾದ ‘ಪೂರ್ ಲಿಟಲ್ ರಿಚ್ ಗರ್ಲ್’ ಮೊದಲ ಸಲ ತೆಗೆದಾಗ ಪೂರಾ ಮಸುಕಾಗಿ ಬಂದಿತ್ತು. ಮತ್ತೊಮ್ಮೆ ತೆಗೆದರೂ ಆ ಮಸುಕು ರೀಲೊಂದನ್ನು ಬಿಸಾಡದೆ ಮೊದಲಿಗೇ ಜೋಡಿಸಿದ್ದಾರೆ. ಅರ್ಧ ಗಂಟೆ ಯಾರೋ ಒಬ್ಬಳು ಏಳುತ್ತಾಳೆ, ಓಡಾಡುತ್ತಾಳೆ, ಸಿಗರೇಟು ಹಚ್ಚುತ್ತಾಳೆ. ರೀಲು ಬದಲಾಗುವ ತನಕ ಮುಖ ತಿಳಿಯುವುದಿಲ್ಲ.